ಗಂಟೆ ನಿಂತ ಮೇಲೆ

ಮೊದಲ ಫೆರಿ ಬೆಳಗ್ಗೆ ಐದೂಮುಕ್ಕಾಲಿಗೆ. ಮಾಂಡವಿ ನದಿಯ ನಡುವಿನ ಖಾರಜುವೆ ದ್ವೀಪದಿಂದ ಹೊರಡುವ ಆ ಫೆರಿಯ ಎಡಬದಿಯ ಬೆಂಚಿನಲ್ಲಿ ಬೊನಿಫಾಸ್ ಕುಲಾಸೊ ಒಬ್ಬರೇ ಕೂರುತ್ತಾರೆ. ಎದುರು ಬೆಂಚಿನಲ್ಲಿ ನಾಲ್ವರ ಜಾಗಕ್ಕೆ ಏಳು ಜನ ಒತ್ತಿಕೊಂಡಿರುತ್ತಾರೆ.

"ಬಾಗಿಲು ಬಂತು, ಸರ್ಕೊಳ್ರಪ್ಪಾ," ಎನ್ನುತ್ತಾಳೆ ಮೀನು ಮಾರುವ ಕಾರ್ಮೆಲಿನ್, ಕುಲಾಸೊ ಹತ್ತುವುದನ್ನು ಕಂಡು. "ಒಂದ್ ಗಳಿಗೆ ತಡ ಆದ್ರೆ ಈ ಮಾರಾಯ ಫೆರಿಗೂ ಬೀಗ ಜಡೀತಾನೆ."

ಕುಲಾಸೊ ಬಿಸಿ ಪೊಯ್ ರೊಟ್ಟಿ ಮುರಿದು, ನೀರು ನೋಡುತ್ತ ತಿನ್ನುತ್ತಾರೆ. ಐವತ್ತೊಂಬತ್ತು ವರ್ಷದ ಈ ಮನುಷ್ಯ ಪರ್ವರಿಯ ಗುಡ್ಡದ ಮೇಲಿರುವ ಗೋವಾ ವಿಧಾನಸಭೆಯ ಬಾಗಿಲು ಕಾಯುವವರು. ಇದು ಇಪ್ಪತ್ತೆರಡನೆಯ ವರ್ಷ.

ಒಳಗೆ ನಲವತ್ತು ಕುರ್ಚಿ. ಅದರಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಯಾರ ಕಡೆಗಿದೆಯೋ ಸರ್ಕಾರ ಅವರದು. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳು ಹನ್ನೆರಡನ್ನು ಮೀರುವಂತಿಲ್ಲ. ಅವರೆಲ್ಲ ಈ ನಲವತ್ತು ಜನಕ್ಕೆ ಉತ್ತರ ಹೇಳಬೇಕು. ಕರ್ನಾಟಕದ ಹಾಗೆ ಇಲ್ಲಿ ಮೇಲ್ಮನೆಯಿಲ್ಲ. ಒಂದೇ ಸದನ. ತಲೆ ಎಣಿಸಿ ಮತ ಹಾಕುವ ಮುನ್ನ ಎರಡು ನಿಮಿಷ ಗಂಟೆ ಬಾರಿಸುತ್ತಾರೆ. ಅದು ನಿಂತ ಕೂಡಲೇ ಬಾಗಿಲು ಮುಚ್ಚಬೇಕು. ಆಮೇಲೆ ಮುಖ್ಯಮಂತ್ರಿ ಬಂದರೂ ಹೊರಗೇ.

ಒಂಬತ್ತು ವರ್ಷದ ಹಿಂದೆ ಖಾರಜುವೆಗೆ ಸೇತುವೆ ಬೇಕು, ಅದಕ್ಕೆ ದಿಲ್ಲಿಯ ಹಣ ಕೇಳಬೇಕು ಎಂಬ ನಿರ್ಣಯ ಮತಕ್ಕೆ ಬಂದಿತ್ತು. ಮಂಡಿಸಿದ್ದು ದ್ವೀಪದ ಶಾಸಕರೇ. ಅವರದೂ ಸೇರಿ ಇಪ್ಪತ್ತು ಮತ ಖಚಿತವಾಗಿದ್ದವು. ಆ ಸಂತೋಷದಲ್ಲಿ ಅವರು ವರಾಂಡಕ್ಕೆ ಹೋಗಿ, ಊರಿಂದ ಬಂದಿದ್ದ ಜನರ ಕೈ ಕುಲುಕುತ್ತ ನಿಂತರು. ಗಂಟೆ ಶುರುವಾಯಿತು, ನಿಂತಿತು. ಅವರು ಓಡಿ ಬಂದಾಗ ಬಾಗಿಲು ಇನ್ನೂ ಒಂದು ಗೇಣು ತೆರೆದಿತ್ತು.

"'ಬೊನಿ, ನಾನು ಕಣೋ' ಅಂದ್ರು. ನಾನೇ ಓಟು ಹಾಕಿದ ಮನುಷ್ಯ," ಎನ್ನುತ್ತಾರೆ ಕುಲಾಸೊ. "ಗೇಣು ತೆರೆದಿತ್ತು, ನಿಜ. ಆದ್ರೆ ಗಂಟೆ ನಿಂತಿತ್ತಲ್ಲ. ಎಳೆದುಬಿಟ್ಟೆ."

ಹತ್ತೊಂಬತ್ತು, ಹತ್ತೊಂಬತ್ತು. ಸಮವಾದಾಗ ಮಾತ್ರ ಸಭಾಧ್ಯಕ್ಷರ ಮತ ಲೆಕ್ಕಕ್ಕೆ ಬರುತ್ತದೆ. ಅವರು ಇದ್ದದ್ದು ಇದ್ದಂತೆ ಇರಲಿ ಎಂದರು. ನಿರ್ಣಯ ಬಿತ್ತು. ಶಾಸಕರು ಮುಂದಿನ ಚುನಾವಣೆಯಲ್ಲೂ ಗೆದ್ದರು. ಆ ಒಂದು ಗೇಣು ಮಾತ್ರ ಕುಲಾಸೊ ತಲೆಗೆ ಬಂತು. ಹೆಂಡತಿ ಪಿಯೆದಾದ್ ಮೂರು ವಾರ ಮಾತು ಬಿಟ್ಟಿದ್ದರು. ಊರು ಇನ್ನೂ ಬಿಟ್ಟಿದೆ.

ಅಧಿವೇಶನದ ದಿನಗಳಲ್ಲಿ ಯಾರೂ ಬರುವ ಮೊದಲು ಕುಲಾಸೊ ಒಂದು ಕೆಲಸ ಮಾಡುತ್ತಾರೆ. ವರಾಂಡದ ತುದಿಯಲ್ಲಿ ನಿಂತು ಗಡಿಯಾರ ನೋಡಿ ಬಾಗಿಲಿನವರೆಗೆ ನಡೆಯುತ್ತಾರೆ. ಅರವತ್ತೆರಡು ಹೆಜ್ಜೆ. ನಿಧಾನವಾಗಿ ನಡೆದರೆ ಐವತ್ತೆಂಟು ಸೆಕೆಂಡು. ಒಂಬತ್ತು ವರ್ಷದಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದಿಲ್ಲ.

"ಮೊದಲನೇ ನಿಮಿಷ ಕೈ ಕುಲುಕಿದ್ರೂ ಬಂದು ಮುಟ್ಟಬಹುದಿತ್ತು. ಇದನ್ನ ಫೆರೀಲಿ ಹೇಳ್ಲಾ? ಯಾರು ಕೇಳ್ತಾರೆ?"

ಇವತ್ತು ಶುಕ್ರವಾರ, ಸರ್ಕಾರದ ಹೊರಗಿನ ಸದಸ್ಯರ ನಿರ್ಣಯಗಳ ದಿನ. ಸೇತುವೆ ಮತ್ತೆ ಮತಕ್ಕೆ ಬರುತ್ತಿದೆ. ಇನ್ನು ಎರಡು ತಿಂಗಳಿಗೆ ನಿವೃತ್ತಿ. ಈ ಒಂದು ದಿನ ಬೇರೆ ಬಾಗಿಲಿಗೆ ಹೋಗು ಎಂದು ಮೇಲಿನವರು ಕನಿಕರದಿಂದ ಹೇಳಿದ್ದರು. ಕುಲಾಸೊ ಒಪ್ಪಲಿಲ್ಲ.

"ಇವತ್ತೂ ಹಾಗೇ ಮುಚ್ತೀನಿ. ಗಂಟೆ ನಿಂತಾಗ ವರಾಂಡ ಖಾಲಿ ಇರ್ಲಿ, ಅಷ್ಟೇ ಬೇಡಿಕೊಂಡಿದ್ದೀನಿ."

ನಿರ್ಣಯ ಗೆದ್ದರೆ ಊರು ಮಾತಾಡೀತೇ? ಅವರು ಬಾಗಿಲಿನ ಹಿತ್ತಾಳೆಯ ಹಿಡಿಯನ್ನು ಅಂಗಿಯ ತೋಳಿನಿಂದ ಒರೆಸುತ್ತಾರೆ.

"ಸೇತುವೆ ಏಳೋಕೆ ಹತ್ತು ವರ್ಷ ಆದ್ರೂ ಬೇಕು. ಅಲ್ಲೀತನಕ ಫೆರಿ ಇದ್ದೇ ಇರುತ್ತಲ್ಲ. ನನ್ನ ಬೆಂಚಲ್ಲಿ ಜಾಗ ಇದೆ."