ನಿಲ್ಲದ ಎಂಜಿನ್ನು

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಒಗೆದ ಪಂಚೆಯನ್ನು ಮೂಗಿಗೆ ಹಿಡಿದು, “ಹ್ವಾಯ್, ಎಷ್ಟ್ ಒಗ್ದ್ರೂ ಡೀಸೆಲ್ ವಾಸ್ನಿ ಹೋತಿಲ್ಲ. ಇನ್ ನೀವೇ ಒಗ್ಕಣಿ” ಎಂದಳು. ಆ ವಾಸನೆಗೆ ನನಗೆ ಕೋಡಿ ಊರಿನ ಮಂಜಣ್ಣ ನೆನಪಾದರು. ಅವರು ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗುವುದಾದರೆ ಧಾರಾಳವಾಗಿ ನಗಿ.

ಬ್ರಹ್ಮಾವರದಲ್ಲಿ ನನ್ನದು ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಕೆಲಸ. ಮದುವೆ, ಉಪನಯನಗಳಿಗೆ ಕೊಪ್ಪರಿಗೆ, ಹಂಡೆ ಹೇರಿಕೊಂಡು ಹೋಗಲು ಹಳೆಯದೊಂದು ಪೆಟ್ರೋಲ್ ಪಿಕಪ್ ಇತ್ತು. ಕೆಲವು ವರ್ಷಗಳ ಹಿಂದೆ ಅದರ ಎಂಜಿನ್ ಕೈಕೊಟ್ಟಿತು. ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಎಲ್ಲರೂ ಹೇಳಿದ್ದನ್ನು ಮಾಡಿ ನನಗೆ ಅಭ್ಯಾಸವಿಲ್ಲ. ಗುಜರಿಗೆ ಬಂದಿದ್ದ ವ್ಯಾನಿನಿಂದ ಡೀಸೆಲ್ ಎಂಜಿನ್ ಬಿಚ್ಚಿಸಿ ತಂದೆ. ಅದರ ಕಾಗದಪತ್ರಕ್ಕಾಗಿ ಆರ್‌ಟಿಓ ಆಫೀಸಿಗೆ ಅಲೆದದ್ದು ಬೇರೆಯೇ ಪುರಾಣ, ಈಗ ಬೇಡ.

ಎಂಜಿನ್ ಕೂರಿಸಿಕೊಟ್ಟವರು ಮಂಜಣ್ಣ. ಬೋಟಿನ ಎಂಜಿನ್ ರಿಪೇರಿಯಲ್ಲಿ ಅವರದು ಎತ್ತಿದ ಕೈ. ಆದರೆ ಮಳೆಗಾಲಕ್ಕೆ ಬೋಟುಗಳು ದಡ ಹತ್ತಿದರೆ ಕೆಲಸವಿಲ್ಲ. ಹೆದ್ದಾರಿ ಬದಿಗೊಂದು ಗ್ಯಾರೇಜು ಹಾಕಬೇಕೆಂದು ಅವರಿಗೂ ಹೆಂಡತಿ ಲಕ್ಷ್ಮಕ್ಕನಿಗೂ ಬಹಳ ಆಸೆ. ನನ್ನದೇ ಮೊದಲ ಗಾಡಿ. ಅದು ಓಡಿದರೆ ನಾಲ್ಕು ಜನ ನಂಬಿ ತಮ್ಮ ಗಾಡಿ ತಂದಾರು ಎಂದು ನಂಬಿದ್ದರು. ಎಂಜಿನ್ ಕೂರುವ ಜಾಗವನ್ನೇ ಹೊಸದಾಗಿ ವೆಲ್ಡ್ ಮಾಡಿ, ಗೇರ್‌ಬಾಕ್ಸಿಗೆ ಹೊಂದಿಸಿ, ಗಾಡಿಯನ್ನು ತಾವೇ ಮನೆಗೆ ತಂದುಕೊಟ್ಟರು. ಸ್ಟೇರಿಂಗಿನ ಕೆಳಗೆ ಕೈಹಾಕಿ ಏನೋ ವಿವರಿಸುತ್ತಿದ್ದರು. ನಾನು ಪಕ್ಕದ ಮನೆಯವರಿಗೆ ಡೀಸೆಲ್ಲಿನ ಲಾಭಗಳ ಬಗ್ಗೆ ಭಾಷಣ ಮಾಡುತ್ತಿದ್ದೆ.

ಮರುದಿನ ಕಿರಿಮಂಜೇಶ್ವರದಲ್ಲಿ ಮದುವೆ. ಅಡುಗೆಯ ಕೊಪ್ಪರಿಗೆಗಳು ಮೊದಲೇ ಬೇರೆ ಗಾಡಿಯಲ್ಲಿ ಹೋಗಿದ್ದವು, ಬಡಿಸುವ ಪಾತ್ರೆಗಳಷ್ಟೇ ಉಳಿದಿದ್ದವು. ಹೊರಡುವ ಮೊದಲು ಗಾಡಿ ಒರೆಸುವಾಗ ಸ್ಟೇರಿಂಗಿನ ಕೆಳಗೆ ಬಲೆಯ ನೀಲಿ ಹಗ್ಗವೊಂದು ಜೋತಾಡುತ್ತಿತ್ತು. ಬೋಟಿನವರ ಕಸ ಎಂದುಕೊಂಡು ಬುಡಕ್ಕೇ ಕತ್ತರಿಸಿದೆ.

ಮದುವೆ ಮನೆಯಲ್ಲಿ ಮಂಜಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಗಾಡಿ ಇರುವವರು ತುಂಬ ಜನ ಬರುತ್ತಾರೆ ಎಂದು ನಾನೇ ಕರೆದಿದ್ದೆ. ಗತ್ತಿನಿಂದ ಬಂದು ಕೀ ತಿರುಗಿಸಿದೆ. ಎಂಜಿನ್ ನಿಲ್ಲಲಿಲ್ಲ. ಕೀಯನ್ನೇ ಕಿತ್ತು ಕೈಯಲ್ಲಿ ಹಿಡಿದೆ, ಆಗಲೂ ನಿಲ್ಲಲಿಲ್ಲ. ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ನಿಂತೀತು ಎಂಬ ಸಾಮಾನ್ಯ ಬುದ್ಧಿಯೂ ಹತ್ತಿರ ಸುಳಿಯಲಿಲ್ಲ. ಒಳಗೆ ಮುಹೂರ್ತ. ಮಂತ್ರವೂ ಸ್ಯಾಕ್ಸೋಫೋನೂ ಯಾರಿಗೂ ಕೇಳದೆ ದಿಬ್ಬಣವೇ ಹೊರಗೆ ಬಂತು.

“ಬೋಟಿನವ್ರ್ ಕೈಯಂಗ್ ಗಾಡಿ ಕೊಟ್ರೆ ಹೀಂಗೇ ಆಪ್ದ್!” ಎಂದು ಅಷ್ಟೂ ಜನರ ಮುಂದೆ ಕೂಗಿದೆ.

ಮಂಜಣ್ಣ ಬಾನೆಟ್ ಎತ್ತಿ ಒಂದು ಸಣ್ಣ ಲಿವರನ್ನು ಬೆರಳಲ್ಲಿ ಒತ್ತಿದರು. ಎಂಜಿನ್ ನಿಂತಿತು. ಆ ಲಿವರಿಗೆ ಕಟ್ಟಿದ್ದ ನೀಲಿ ಹಗ್ಗದ ಹೊಸ ಕಡಿತವನ್ನು ನೋಡಿದರು, ನನ್ನನ್ನು ನೋಡಿದರು. “ಇದ್ ಕೀ ತಿರ್ಗ್ಸಿರೆ ನಿಲ್ಲೂದಲ್ಲ ಮರಾಯ್ರೆ, ಈ ಹಗ್ಗ ಎಳೀಕ್. ನಿನ್ನೆ ಹೇಳಿದ್ನಲೆ” ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಆಮೇಲೆ ಜನರ ಕಡೆ ತಿರುಗಿ, “ಹೌದ್, ನನ್ ಕೈಯಂಗೇ ತಪ್ಪಾಯ್ತ್” ಎಂದರು.

ಬಾಡಿಗೆಗೆ ಕರೆದವರ ಎದುರು ನನ್ನ ಮರ್ಯಾದೆ ಹೋಗಬಾರದೆಂದು ಹಾಗೆ ಹೇಳಿದರು. ನಾನು ಅದೇ ನಿಜವೆಂಬಂತೆ ತಲೆಯಾಡಿಸಿ ಪಾತ್ರೆ ಇಳಿಸತೊಡಗಿದೆ. ಆ ಎಂಜಿನ್ ಇವತ್ತಿಗೂ ತೊಂದರೆ ಕೊಡದೆ ಓಡುತ್ತಿದೆ. ಆದರೆ ಮಂಜಣ್ಣನ ಬಳಿಗೆ ಮತ್ತೊಂದು ಗಾಡಿ ಬರಲಿಲ್ಲ, ಗ್ಯಾರೇಜು ಏಳಲಿಲ್ಲ.

ಮೊನ್ನೆ ಪಂಚೆಯನ್ನು ಅಲ್ಲೇ ಬಿಟ್ಟು ಕೋಡಿಗೆ ಹೋದೆ. ಮಂಜಣ್ಣ ಬೋಟಿನ ಪಕ್ಕ ಕುಳಿತಿದ್ದರು, ಜೊತೆಗೆ ಇಬ್ಬರು ಮೀನುಗಾರರಿದ್ದರು. ಅವರೆದುರೇ ಎಲ್ಲ ಹೇಳಿ ತಪ್ಪು ಒಪ್ಪಿಕೊಂಡೆ.

ಮಂಜಣ್ಣ ಕೈ ಒರೆಸಿಕೊಂಡರು. “ನಂಗ್ ಗೊತ್ತಿದ್ದದ್ದನ್ನ ನಂಗ್ ಹೇಳಿ ಎಂತ ಮಾಡೂದ್? ಲಕ್ಷ್ಮಿಗ್ ಹೇಳಿ. ನಾ ಹೇಳಿರೆ ಅದ್ ನಂಬೂದಿಲ್ಲ.”

ಅವರ ಮನೆಯ ಅಂಗಳಕ್ಕೆ ಹೋಗಿ ಲಕ್ಷ್ಮಕ್ಕನನ್ನು ಕರೆದೆ. ಹಗ್ಗ ಕತ್ತರಿಸಿದವನು ನಾನು ಎಂಬಷ್ಟೇ ಮಾತಿಗೆ ಮೂರು ಸಲ ತೊದಲಿದೆ. ಲಕ್ಷ್ಮಕ್ಕ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟರು.

“ಹಾಂಗಾರೆ ಇಷ್ಟ್ ವರ್ಷ ನಾ ಅವ್ರಿಗ್ ಬೈದದ್ದನ್ನ ಎಂತ ಮಾಡೂದ್?”

ಅಷ್ಟನ್ನೂ ನನಗೇ ಬೈಯಿರಿ ಎಂದು ಅಂಗಳದ ಕಲ್ಲಿನ ಮೇಲೆ ಕುಳಿತೆ. ಅವರು ಬೈದರು. ಊಟದ ಹೊತ್ತಾದರೂ ಮುಗಿಯಲಿಲ್ಲ.