ಸುರಂಗದೊಳಗೊಂದು ಕ್ಯಾಮೆರಾ

ನಮ್ಮ ಮನೆಯ ಮುಂಬಾಗಿಲಿಗೆ ಕ್ಯಾಮೆರಾ ಇಲ್ಲ. ಅಲ್ಲಾಳಸಂದ್ರದ ನಮ್ಮ ಬೀದಿಯಲ್ಲಿ ಹೂಕುಂಡಕ್ಕೂ ಕ್ಯಾಮೆರಾ ಕಾವಲು ಹಾಕಿದವರಿದ್ದಾರೆ. ನಾನು ಮಾತ್ರ ಹಾಕಿಸಲಿಲ್ಲ. ಕದಿಯುವಂಥದ್ದು ನಮ್ಮಲ್ಲೇನಿದೆ ಎಂಬ ವೈರಾಗ್ಯವೇ ಇದಕ್ಕೆ ಕಾರಣ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಿಜವೇನೆಂದರೆ ನಮ್ಮ ಮನೆಯ ಮೂರು ಕ್ಯಾಮೆರಾಗಳೂ ಮಹಡಿಯ ಕೋಣೆಯಲ್ಲಿ ಕೂತು ನನ್ನ ಆಟದ ರೈಲನ್ನು ಕಾಯುತ್ತಿವೆ.

ಆಟದ ರೈಲು ಎಂದು ನಾನು ಅನ್ನಬಹುದು. ಬೇರೆಯವರು ಅಂದರೆ ಸಿಟ್ಟು ಬರುತ್ತದೆ. ಕೋಣೆಯ ಮುಕ್ಕಾಲು ಭಾಗವನ್ನು ನುಂಗಿದ ಪ್ಲೈವುಡ್ ಹಲಗೆ, ಅದರ ಮೇಲೆ ಬೆರಳಗಲದ ಹಳಿ, ನಮ್ಮ ಯಲಹಂಕ ಸ್ಟೇಷನ್ ಹಿಂದೆ ಹೇಗಿತ್ತೋ ಹಾಗೆಯೇ ರಟ್ಟಿನಲ್ಲಿ ಕಟ್ಟಿದ ಸ್ಟೇಷನ್, ಆಚೆಗೊಂದು ರೈಲ್ವೆ ಗೇಟು, ಗೇಟಿನ ಬಳಿ ಸೈಕಲ್ ಹಿಡಿದು ನಿಂತ, ಕಡಲೆಕಾಯಿಯಷ್ಟು ಎತ್ತರದ ಇಬ್ಬರು ಹುಡುಗರು. ಯಲಹಂಕದಲ್ಲಿಲ್ಲದ ಒಂದು ಬೆಟ್ಟವನ್ನೂ ಸೇರಿಸಿದ್ದೇನೆ. ಬೆಟ್ಟವಿಲ್ಲದೆ ಸುರಂಗವಿಲ್ಲ, ಸುರಂಗವಿಲ್ಲದ ರೈಲಿಗೆ ಮರ್ಯಾದೆಯಿಲ್ಲ. ಇದಕ್ಕೆಲ್ಲ ಸೇರಿಸಿ ನನ್ನ ಹೆಂಡತಿ ಇಟ್ಟ ಹೆಸರು ‘ಮಹಡಿ ಸಂಸಾರ’. ಆ ಮಾತಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿದೆ ಎಂದು ನಾನು ನಂಬಿಕೊಂಡಿದ್ದೇನೆ.

ಆ ಇಬ್ಬರು ಹುಡುಗರಲ್ಲಿ ಒಬ್ಬ ನಾನು, ಇನ್ನೊಬ್ಬ ನಂಜುಂಡ. ಶಾಲೆ ಬಿಟ್ಟ ಮೇಲೆ ಗೇಟು ಬೀಳುವುದನ್ನೇ ಕಾದು ನಿಲ್ಲುತ್ತಿದ್ದ ಜೋಡಿ ಅದು. ಈಗ ಅವನಿಗೆ ತಣಿಸಂದ್ರದಲ್ಲಿ ಟೈಲ್ಸ್ ಅಂಗಡಿಯಿದೆ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ಮಕ್ಕಳಿಗೆ ನಿದ್ದೆ ಬರಿಸುತ್ತೇನೆ. ಭಾನುವಾರ ಮಧ್ಯಾಹ್ನವಾದರೆ ನಂಜುಂಡ ನಮ್ಮ ಮಹಡಿಯಲ್ಲಿ. ಸುರಂಗದ ನಟ್ಟನಡುವೆ ಕೊನೆಯ ಬೋಗಿ ಹಳಿ ತಪ್ಪುವುದು ಆಗ ವಾರ ಬಿಡದ ಪದ್ಧತಿಯಾಗಿತ್ತು. ನನ್ನ ಕೈ ಮೋಟು, ಅವನದು ನೀಳ. ಅಂಗಿಯ ತೋಳು ಮಡಚಿ, ಬೆಟ್ಟಕ್ಕೆ ಕೆನ್ನೆಯೊತ್ತಿ, ಭುಜದವರೆಗೂ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ತಡಕುತ್ತಿದ್ದ. “ಸಿಕ್ತು ಗುರು” ಎನ್ನುವ ಹೊತ್ತಿಗೆ ಕೆನ್ನೆಗೆ ಬೆಟ್ಟದ ಹಸಿರು ಪುಡಿ ಮೆತ್ತಿರುತ್ತಿತ್ತು. ಅದನ್ನು ಒರೆಸಿಕೊಳ್ಳದೆಯೇ ಕಾಫಿ ಕುಡಿಯುತ್ತಿದ್ದ.

ನಿಜವಾದ ರೈಲಿನ ಕೊನೆಯ ಬೋಗಿಯ ಬೆನ್ನಿಗೆ ದೊಡ್ಡದೊಂದು ಎಕ್ಸ್ ಗುರುತು ಇರುತ್ತದೆ, ನೀವೂ ನೋಡಿರುತ್ತೀರಿ. ಅದು ಕಣ್ಣಿಗೆ ಬಿದ್ದರೆ ರೈಲು ಪೂರ್ತಿ ಬಂದಿದೆ, ಹಿಂದೆ ಏನೂ ಉಳಿದಿಲ್ಲ ಎಂದರ್ಥ. ಸ್ಟೇಷನ್ನಿನವರು ಅಷ್ಟು ನೋಡಿ ಸುಮ್ಮನಾಗುತ್ತಾರೆ. ಒಳಗೆ ಯಾರು ಯಾರನ್ನು ಶಪಿಸಿಕೊಂಡು ಬಂದರು ಎಂದು ವಿಚಾರಿಸಲು ಹೋಗುವುದಿಲ್ಲ. ನನಗೆ ಆ ಬುದ್ಧಿ ಇರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕ್ಯಾಮೆರಾಗಳನ್ನು ತಂದು ಒಂದನ್ನು ಸ್ಟೇಷನ್ನಿನಲ್ಲಿ, ಒಂದನ್ನು ಗೇಟಿನ ಮೇಲೆ, ಒಂದನ್ನು ಸುರಂಗದೊಳಗೆ ಕೂರಿಸಿದೆ. ಮೊದಲ ದಿನವೇ ಕಳ್ಳ ಸಿಕ್ಕಿಬಿದ್ದ: ಎರಡು ಹಳಿಗಳು ಕೂಡುವಲ್ಲಿ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು. ಅಂಟು ಬಿಡಿಸಿ, ಬೆಟ್ಟವನ್ನೇ ಎತ್ತಿಟ್ಟು ಸರಿಮಾಡಿದೆ. ಅಂದಿನಿಂದ ಬೋಗಿ ಬೀಳಲಿಲ್ಲ. ನಾನು ಮೀಸೆ ತಿರುವಿಕೊಂಡೆ. ನಂಜುಂಡ ಕುರ್ಚಿಯಲ್ಲಿ ಕೂತು, ಎದುರಿಗೇ ಓಡುವ ರೈಲನ್ನು ನನ್ನ ಫೋನಿನಲ್ಲಿ ನೋಡತೊಡಗಿದ. ತನ್ಮಯನಾಗಿದ್ದಾನೆ ಎಂದುಕೊಂಡೆ.

ಈ ಕ್ಯಾಮೆರಾಗಳಿಗೆ ಕಿವಿಯೂ ಇರುತ್ತದೆ ಎನ್ನುವುದನ್ನು ನಾನು ಮರೆತಿದ್ದೆ. ಒಂದು ಭಾನುವಾರ ಕಾಫಿ ತರಲು ಕೆಳಗೆ ಬಂದವನು, ಹಾಲು ಕಾಯುವವರೆಗೆ ಹೆಂಡತಿಗೆ ನನ್ನ ಸ್ಟೇಷನ್ನಿನ ವೈಭವ ತೋರಿಸೋಣವೆಂದು ಫೋನ್ ತೆರೆದೆ. ಪ್ಲಾಟ್‌ಫಾರ್ಮಿನ ಆಚೆ ಆಕಾಶದಗಲ ನಂಜುಂಡನ ಹೊಟ್ಟೆ. ಅವನು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: “ಇಲ್ಲೇ ಇವ್ನ ಮನೇಲಿದೀನಿ ಕಣೋ. ಮುಂಚೆ ಕೈ ಹಾಕಕ್ಕಾದ್ರೂ ಕರೀತಿದ್ದ, ಈಗ ಅದೂ ಇಲ್ಲ. ಸುಮ್ನೆ ಸುತ್ತೋದ್ ನೋಡ್ಕೊಂಡ್ ಕೂತಿರ್ಬೇಕು. ಬರಲ್ಲ ಅನ್ನಕ್ಕೂ ಆಗಲ್ಲ, ಪಾಪ.”

ಹೆಂಡತಿ ಸಕ್ಕರೆ ಕಲಕಿ ಲೋಟಗಳನ್ನು ಮುಂದೆ ತಳ್ಳಿದಳು. “ಆರೋಗುತ್ತೆ, ತಗೊಂಡ್ ಹೋಗಿ” ಎಂದಳು.

ಕನ್ನಡದಲ್ಲಿ ಈ ‘ಪಾಪ’ಕ್ಕಿರುವಷ್ಟು ಕೆಲಸ ಬೇರೆ ಪದಕ್ಕಿಲ್ಲ. ನರಕಕ್ಕೆ ಕಳಿಸುವುದೂ ಪಾಪ, ಕನಿಕರಪಟ್ಟು ಲೊಚಗುಟ್ಟುವುದೂ ಪಾಪ. ನಮ್ಮ ಕಡೆ ತೊಟ್ಟಿಲ ಕೂಸೂ ಪಾಪವೇ. ಐವತ್ತು ದಾಟಿದ ಮೇಲೆ ರೈಲಾಡುವವನಿಗೆ ಮೂರೂ ಒಪ್ಪುತ್ತವೆ ಎಂದು ಯಾರಾದರೂ ಅನ್ನಬಹುದು, ಅನ್ನಲಿ. ನಂಜುಂಡ ನನ್ನನ್ನು ಹುಚ್ಚ ಎಂದಿದ್ದರೆ ಮಹಡಿ ಹತ್ತಿ ಜಗಳವಾಡಬಹುದಿತ್ತು. ಕೆಲಸವಿಲ್ಲದವನು ಎಂದಿದ್ದರೆ ನಾನೂ ಅವನ ಅಂಗಡಿಯ ಬಗ್ಗೆ ಎರಡು ಮಾತು ಆಡಬಹುದಿತ್ತು. ಪಾಪ ಎಂದವನ ಜೊತೆ ಏನೆಂದು ಜಗಳ ತೆಗೆಯುವುದು? ಇಷ್ಟು ವರ್ಷ ಗೆಳೆತನ ಎಂದುಕೊಂಡಿದ್ದು ಯಾವ ಭಾನುವಾರದಿಂದ ಕನಿಕರವಾಯಿತೋ, ಅದನ್ನಂತೂ ಯಾವ ಕ್ಯಾಮೆರಾವೂ ಹಿಡಿದಿಟ್ಟಿಲ್ಲ. ಕಾಫಿ ಕೊಟ್ಟೆ. “ಸೂಪರಾಗಿ ಓಡ್ತಿದೆ ಗುರು” ಎಂದ. ಹೌದು ಎಂದೆ.

ಆ ವಾರ ನಾನೊಂದು ಕೆಲಸ ಮಾಡಿದೆ. ಬೆಟ್ಟವನ್ನು ಹಲಗೆಯಿಂದ ಎತ್ತಿಟ್ಟು, ಸರಿಮಾಡಿದ್ದ ಹಳಿಯ ತುದಿಯನ್ನು ಸ್ಕ್ರೂಡ್ರೈವರಿನಿಂದ ಮತ್ತೆ ಕೂದಲೆಳೆಯಷ್ಟು ಮೇಲೆತ್ತಿದೆ. ಬೆಟ್ಟವನ್ನು ಮತ್ತೆ ಅಂಟು ಹಾಕಿ ಕೂರಿಸಿದೆ.

ಭಾನುವಾರ ರೈಲು ಸುರಂಗ ಹೊಕ್ಕಿತು. ಎಂಜಿನ್ ಬಂತು, ಬೋಗಿಗಳು ಬಂದವು, ಎಕ್ಸ್ ಗುರುತಿನದು ಬರಲಿಲ್ಲ. “ಬಿತ್ತು ಕಣೋ” ಎಂದು ನಾನು ಬೆಟ್ಟದ ಪಕ್ಕದಿಂದ ಸರಿದು ಅವನಿಗೆ ಜಾಗ ಬಿಟ್ಟೆ. ನಂಜುಂಡ ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಅಂಗಿ ಹಾಕಿಕೊಂಡು ಬಂದಿದ್ದ; ಸಂಜೆಗೆ ಹೆಬ್ಬಾಳದಲ್ಲಿ ಯಾರದೋ ಆರತಕ್ಷತೆಯಂತೆ. ಬೆಟ್ಟ ನೋಡಿದ, ತೋಳು ನೋಡಿಕೊಂಡ.

“ಗಲೀಜಾಗುತ್ತೆ ಗುರು. ಕ್ಯಾಮೆರಾ ಇದ್ಯಲ್ಲ. ನೀನೇ ಕೈ ಹಾಕು, ನಾನ್ ನೋಡ್ಕೊಂಡ್ ಹೇಳ್ತೀನಿ.”

ಫೋನ್ ಅವನಿಗೆ ಕೊಟ್ಟು, ನಾನು ಕಟ್ಟಿದ ಬೆಟ್ಟಕ್ಕೆ ನಾನೇ ಮೊದಲ ಸಲ ಕೆನ್ನೆಯೊತ್ತಿದೆ. ಕಣ್ಣಿನ ನೇರಕ್ಕೆ ಗೇಟಿನ ಬಳಿಯ ಇಬ್ಬರು ಹುಡುಗರು. “ಎಡಕ್ಕೆ” ಎಂದ. “ಇನ್ನೂ ಮುಂದಕ್ಕೆ. ಇನ್ನೂ.” ಭುಜ ಸುರಂಗದ ಬಾಯಿಗೆ ಸಿಕ್ಕಿಕೊಂಡಿತು.

“ಒಂದ್ ಬೆರಳಷ್ಟು ಕಮ್ಮಿ ಬಿತ್ತು ಕಣೋ, ಪಾಪ” ಎಂದ ನಂಜುಂಡ.

ಬೋಗಿಗೆ ಹೇಳಿದನೋ ನನಗೆ ಹೇಳಿದನೋ ಎಂದು ಕೇಳಲಿಲ್ಲ. ಕೆನ್ನೆ ತೆಗೆಯಲೂ ಇಲ್ಲ. ಈ ಸಲ ಕ್ಯಾಮೆರಾದ ನೆರವಿಲ್ಲದೆಯೇ ಕೇಳಿಸಿತ್ತು.