ಶಾಲು ಬೇಡವೆಂದ ಲೆಕ್ಕದ ಮಿಸ್

ನಮ್ಮ ಲೆಕ್ಕದ ಮಿಸ್ಸಿನ ಎಡಭುಜ ಬಲಭುಜಕ್ಕಿಂತ ತಗ್ಗಾಗಿತ್ತು. ಸೆರಗು ಆ ಕಡೆ ನಿಲ್ಲುತ್ತಿರಲಿಲ್ಲ, ಎಷ್ಟು ಪಿನ್ನು ಚುಚ್ಚಿದರೂ ಜಾರುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ ಇಡೀ ಮೈ ಒಂದು ಪಕ್ಕಕ್ಕೆ ವಾಲುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ಅವರಿಗೆ ‘ತಕ್ಕಡಿ ಮಿಸ್’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಊಂ, ತಕ್ಕಡಿನೇ ಕಣ್ಲಾ. ಬಾ, ಈ ಲೆಕ್ಕ ತೂಗು” ಎಂದು ಚಾಕ್‌ಪೀಸು ಕೈಗಿಡುತ್ತಿದ್ದರು.

ನಾನಾಗ ಒಂಬತ್ತನೇ ಕ್ಲಾಸು. ಊರಿಗಾಂನ ಹಳೇ ಚಿನ್ನದ ಗಣಿಯ ಲೈನ್ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮೂರೇ ಜನ. ಅಪ್ಪ ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಕೂಲಿಗೆ ಹೋದರೆ ಬರುತ್ತಿದ್ದುದು ಕತ್ತಲಾದ ಮೇಲೆ. ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಅಮ್ಮನ ಮುಖ ತೊಳೆಸಿ, ಗಂಜಿ ಕುಡಿಸಿ, ಬಟ್ಟೆ ಬದಲಿಸಿ ಆಂಡರ್ಸನ್‌ಪೇಟೆಯ ಸ್ಕೂಲು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದವರು ಬಿಸಿಲಿನಲ್ಲಿ ನಿಲ್ಲಬೇಕು. ಯಾಕೆ ತಡ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೈಯಲ್ಲಿ ಫಿನಾಯಿಲ್ ವಾಸನೆ ಬರುತ್ತದೆಂದು ಪಕ್ಕದ ಹುಡುಗಿ ಬೇರೆ ಬೆಂಚಿಗೆ ಹೋದಳು.

ಮಿಸ್ಸಿಗೂ ಆ ವಾಸನೆ ತಿಳಿದಿರಬೇಕು. ಒಂದು ಸಂಜೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ನಾನು ಅಮ್ಮನ ಕಂಕುಳಿಗೆ ಕೈಕೊಟ್ಟು ಎತ್ತಲಾರದೆ ಎತ್ತುತ್ತಿದ್ದೆ.

“ಬುಡು, ಅಂಗೆ ಎತ್ತಬೇಡ. ನನ್ನಂಗಾಯ್ತೀಯಾ” ಎಂದು ತಗ್ಗಿದ ಭುಜ ತೋರಿಸಿದರು.

ದುಪ್ಪಟಿ ಮಡಿಸಿ ಅಮ್ಮನ ಬೆನ್ನಡಿಗೆ ಹಾಕಿ, ಅದನ್ನು ಎಳೆದು ಮಗ್ಗುಲು ಬದಲಿಸುವುದನ್ನು ತೋರಿಸಿಕೊಟ್ಟರು. ಹಾಗೆ ಮಾಡುತ್ತಲೇ ತಮ್ಮ ಕಥೆ ಹೇಳಿದರು. ಅವರ ತಾಯಿ ಬಹಳ ವರ್ಷ ಹಾಸಿಗೆ ಹಿಡಿದಿದ್ದರಂತೆ. “ಅಣ್ಣ ಇದ್ದ, ತಮ್ಮ ಇದ್ದ. ಓದೋ ಗಂಡುಮಕ್ಕಳು ಅಂತ ಅವ್ರನ್ನ ಯಾರೂ ಕರೀಲಿಲ್ಲ. ನಾನೂ ಓದ್ತಿದ್ದೆ. ಅದು ಯಾರ್ಗೂ ಗ್ಯಾಪಕ ಇರ್ಲಿಲ್ಲ.”

ಎದುರುಮನೆಯ ತಮಿಳು ಅಜ್ಜಿ ಬಾಗಿಲಲ್ಲಿ ನಿಂತು “ಪಾವಂ, ಪಾವಂ” ಎಂದು ಮರುಗುತ್ತಿದ್ದಳು. ಮಿಸ್ ಆಕೆಯ ಕಡೆ ತಿರುಗಿ, “ಪಾವಂ ಅಂದ್ರೆ ಬಟ್ಟೆ ಒಗ್ದಂಗಾಯ್ತಾ ಪಾಟಿ? ಬೆಳಿಗ್ಗೆ ಒಂದ್ ಗಳಿಗೆ ಬಂದು ಕೂತ್ಕೊಳಿ” ಎಂದರು. ಅಜ್ಜಿ ಮೂತಿ ತಿರುವಿಕೊಂಡು ಹೋದಳು. ಆದರೆ ಮರುದಿನದಿಂದ ಬಂದಳು.

ಮಧ್ಯಾಹ್ನದ್ದೇ ಕಷ್ಟ. ಊಟದ ಬೆಲ್ಲಿಗೆ ಮನೆಗೆ ಓಡಿ ಅಮ್ಮನಿಗೆ ಉಣಿಸಿ ಬರುವಷ್ಟರಲ್ಲಿ ಒಂದು ಪೀರಿಯಡ್ಡು ಕಳೆದಿರುತ್ತಿತ್ತು. ಆ ಪಾಠವನ್ನು ಮಿಸ್ ಸಂಜೆ ಸ್ಕೂಲಿನ ಮೆಟ್ಟಿಲ ಮೇಲೆ ಕೂತು ಹೇಳಿಕೊಡುತ್ತಿದ್ದರು. ಹೆಡ್‌ಮಾಸ್ಟರಿಗೆ ಇದು ಸರಿಬರಲಿಲ್ಲ. ಅಪ್ಪನನ್ನು ಕರೆಸಿ, ಇವಳಿಂದ ಸ್ಕೂಲಿನ ರಿಸಲ್ಟು ಕೆಡುತ್ತದೆ, ಟಿಸಿ ತೆಗೆದುಕೊಂಡು ಹೋಗಿ ಎಂದರು. ಅಪ್ಪ ಕೈಕಟ್ಟಿ ನಿಂತು ಎಲ್ಲಕ್ಕೂ ತಲೆಯಾಡಿಸಿದ. ಮಿಸ್ ಒಳಗೆ ಬಂದು, “ಈ ಮಗು ಪಾಸಾಗ್ದಿದ್ರೆ ನನ್ನ ಕೇಳಿ” ಎಂದು ಅಪ್ಪನನ್ನು ಹೊರಗೆ ಕರೆದುಕೊಂಡು ಬಂದರು.

ಅದಾದ ಸ್ವಲ್ಪ ದಿನಕ್ಕೇ ಮಕ್ಕಳ ದಿನಾಚರಣೆ. ಯಾರೋ ದೊಡ್ಡ ಮನುಷ್ಯರು ಬಂದಿದ್ದರು. ಹೆಡ್‌ಮಾಸ್ಟರು ಮೈಕಿನಲ್ಲಿ ನನ್ನ ಹೆಸರು ಕೂಗಿ, “ತಾಯಿಯ ಸೇವೆಯಲ್ಲೇ ದೇವರನ್ನು ಕಂಡ ಆದರ್ಶ ಮಗಳು” ಎಂದರು. ನನಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಬೆಂಚು ಬಿಟ್ಟು ಹೋದ ಹುಡುಗಿಯೂ ತಟ್ಟಿದಳು. ಮಿಸ್ ಎದ್ದು ಸ್ಟೇಜಿಗೆ ಬಂದರು.

“ಸರ್, ಮೊನ್ನೆ ಇದೇ ಮಗುಗೆ ಟಿಸಿ ಕೊಡ್ತೀನಿ ಅಂದ್ರಿ. ಇವತ್ತು ಶಾಲು ಹೊದಿಸ್ತಿದೀರಿ. ಶಾಲು ಬೇಡ, ಮಧ್ಯಾಹ್ನ ಒಂದು ಪೀರಿಯಡ್ ಬಿಡಿ. ಇದು ಆದರ್ಶ ಅಲ್ಲ ಸರ್. ಯಾರೂ ಕೈಹಾಕ್ಲಿಲ್ಲ, ಅದಕ್ಕೆ ಇವಳು ಮಾಡ್ತಿದಾಳೆ.”

ಚಪ್ಪಾಳೆ ನಿಂತಿತು. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಮಿಸ್ ಮೇಲೆ ಸಿಟ್ಟೇ ಬಂದಿತ್ತು. ಜೀವನದಲ್ಲಿ ಮೊದಲ ಸಲ ನನಗಾಗಿ ಯಾರೋ ಚಪ್ಪಾಳೆ ತಟ್ಟಿದ್ದರು.

ಬಂದವರ ಮುಂದೆ ಇಲ್ಲವೆನ್ನಲಾಗದೆ ಹೆಡ್‌ಮಾಸ್ಟರು ಪೀರಿಯಡ್ಡು ಬಿಟ್ಟುಕೊಟ್ಟರು. ಬೇಸಿಗೆ ರಜೆಗೆ ಮುಂಚೆ ಮಿಸ್ಸಿಗೆ ಬಂಗಾರಪೇಟೆ ದಾಟಿ ಎಲ್ಲೋ ಹಳ್ಳಿಯ ಸ್ಕೂಲಿಗೆ ಆರ್ಡರು ಬಂತು. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಜೊತೆಯ ಮೇಷ್ಟ್ರುಗಳು ಒಬ್ಬರೂ ಬಾಯಿಬಿಡಲಿಲ್ಲ. ಆದರೂ ಮಿಸ್ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬಂದು ನನಗೆ ಲೆಕ್ಕ ಹೇಳಿಕೊಟ್ಟರು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಪಿಯುಸಿ ಮುಗಿಯುವ ಮೊದಲೇ ಅಮ್ಮ ಹೋದಳು. ಈಗ ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕುತ್ತೇನೆ.

ಹೋದ ವರ್ಷ ಮಿಸ್ಸಿನಿಂದ ಫೋನು ಬಂತು. ರಿಟೈರಾದ ಮೇಲೆ ಅವರು ಆಂಡರ್ಸನ್‌ಪೇಟೆಯಲ್ಲಿ ತಮ್ಮನ ಮನೆ ಸೇರಿದ್ದರು. ಲಿವರಿನಲ್ಲಿ ಗಡ್ಡೆ, ಡಾಕ್ಟರು ಕೈಬಿಟ್ಟಾಗಿತ್ತು. ತಮ್ಮ ಆಟೋ ಓಡಿಸುತ್ತಾನೆ, ಅವನ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮಿಸ್ಸನ್ನು ನೋಡಿಕೊಳ್ಳಲು ಒಂಬತ್ತನೇ ಕ್ಲಾಸಿನ ಮಗಳನ್ನು ಸ್ಕೂಲು ಬಿಡಿಸಿದ್ದರು.

“ಲೇ, ನಿಮ್ಮಂಗಡಿ ತೆಗ್ಯೋಕೆ ಮುಂಚೆ ಇಲ್ಗೆ ಬಂದೋಗು. ಈ ಮಗೂನ ಸ್ಕೂಲ್ಗೆ ಕಳಿಸ್ಬೇಕು” ಎಂದರು. ಆರೋಗ್ಯದ ಮಾತು ಆಮೇಲೆ ನಾನೇ ಕೇಳಿ ತಿಳಿದದ್ದು.

ದಿನಾ ಬೆಳಿಗ್ಗೆ ಹೋಗತೊಡಗಿದೆ, ಹುಡುಗಿ ಮತ್ತೆ ಸ್ಕೂಲಿಗೆ ಹೊರಟಳು. ತಮ್ಮನಿಗೆ ಅದು ಹಿಡಿಸಲಿಲ್ಲ. “ಮನೇಲಿ ಎಣ್ಮಗು ಇರೋವಾಗ ಒರಗ್ನೋರು ಬಂದು ಮಾಡಾದು ನಮ್ಗೆ ಮರ್ಯಾದೆನಾ ಅಕ್ಕಾ?” ಎಂದ.

“ನಿನ್ ಮರ್ಯಾದೆ ಕಾಯೋಕೆ ನಾನೊಬ್ಳು ಸವೆದಿದ್ದು ಸಾಕು” ಎಂದರು ಮಿಸ್.

ನಾನು ಅಂಗಡಿಗೆ ಹೊರಟ ಮೇಲೆ, ತಮ್ಮ ಊಟಕ್ಕೆ ಬರುವವರೆಗೆ ಅವರು ಒಬ್ಬರೇ ಇರುತ್ತಿದ್ದರು. ಆ ಹೊತ್ತಿನಲ್ಲೇ ಹೋದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಹೆಣ ಇನ್ನೂ ಅಂಗಳದಲ್ಲಿರುವಾಗಲೇ ತಮ್ಮ ಎಲ್ಲರೆದುರು ಮಗಳನ್ನು ಬೈದ: “ಅತ್ತೆ ಜೀವ ಓಗೋವಾಗ ಸ್ಕೂಲಲ್ಲಿ ಕೂತಿದ್ದೆಯಲ್ಲೇ, ನೀನೂ ಒಂದು ಎಣ್ಣಾ?” ಹುಡುಗಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕುಕ್ಕರಿಸಿದ್ದಳು. “ನಾನು ಓಗ್ಬಾರ್ದಾಗಿತ್ತಾ ಅಕ್ಕಾ?” ಎಂದಳು. “ನಿಮ್ಮತ್ತೆನೇ ಕಳಿಸಿದ್ದು. ನೀನು ಓಗಬೇಕಾಗಿತ್ತು, ಅದ್ಕೇ ಓಗಿದ್ದು” ಎಂದೆ.

ತಿಥಿ ಮುಗಿದ ವಾರಕ್ಕೇ ಆ ಮಂಚಕ್ಕೆ ತಮ್ಮನ ಹೆಂಡತಿಯ ತಾಯಿ ಬಂದರು, ಸೊಂಟ ಮುರಿದುಕೊಂಡು. ಹುಡುಗಿ ಮತ್ತೆ ಸ್ಕೂಲು ಬಿಟ್ಟಳು. ಸುದ್ದಿ ತಿಳಿದ ಮರುಬೆಳಿಗ್ಗೆ ನಾನು ಹೋದೆ. ತಮ್ಮ ಬಾಗಿಲಿಗೆ ಅಡ್ಡ ನಿಂತ.

“ನಮ್ಮಕ್ಕ ಓಗ್ಬುಟ್ಳಲ್ಲಮ್ಮಾ. ಇನ್ನೇನು ನಿಂಗೆ ಇಲ್ಲಿ ಕೆಲ್ಸ?”

ಪಕ್ಕದಿಂದ ನುಗ್ಗಿ ಒಳಗೆ ಹೋದೆ. ಹುಡುಗಿ ಮುದುಕಿಗೆ ಗಂಜಿ ಕುಡಿಸುತ್ತಿದ್ದಳು. ಅವಳ ಕೈಯಿಂದ ಬಟ್ಟಲು ಇಸಿದುಕೊಂಡು, “ಏಳು, ಬ್ಯಾಗ್ ಆಕ್ಕೊ” ಎಂದೆ.